ಪ್ರಾರ್ಥನಾಳ ಊಟ ಮತ್ತು ಮುಖ

ಜೂನ್ 16, ಸೋಮವಾರ. ಬೆಳಿಗ್ಗೆ 6.05

ಎದ್ದಳು. ಫೇಸ್‌ವಾಶ್ ಆಯಿತು. ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ಮೊಡವೆ ಎಣಿಸಿದೆ. ಹಣೆ ಒಂಬತ್ತು. ಎಡಗೆನ್ನೆ ಆರು, ಬಲಗೆನ್ನೆ ನಾಲ್ಕು. ಗದ್ದ ಐದು, ಅದರಲ್ಲಿ ಎರಡು ಕೀವಿನವು. ನಿನ್ನೆಗಿಂತ ಹೊಸವು: ಮೂರು.

ತಿಂಡಿ: ಉಪ್ಪಿಟ್ಟು, ಹಾಲಿಲ್ಲದ ಚಹಾ. ಟಿಫಿನ್: ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. ಶೇಂಗಾ ಚಟ್ನಿ ಇಲ್ಲವೆಂದು ಮುಖ ಸಿಂಡರಿಸಿದಳು.

"ಮಮ್ಮಿ, ಆರ್ ಯು ಡನ್? ಬಸ್ ಬರತೈತಿ."

"ನಿಂದ್ರು. ಕಿವಿ ಹತ್ರ ಇನ್ನೊಂದೈತಿ."

ಸ್ಕಿನ್ ಡಾಕ್ಟರ್ ಸುಸನ್ ಹೇಳಿದ್ದು ಇಷ್ಟು: ರಾತ್ರಿ ಜೆಲ್, ಬೆಳಿಗ್ಗೆ ಸನ್‌ಸ್ಕ್ರೀನ್, ಮೂರು ತಿಂಗಳು ತಾಳ್ಮೆ. ಸಿಹಿ, ಹಾಲು ಸ್ವಲ್ಪ ಕಡಿಮೆ ಮಾಡಿ, ಯಾವುದನ್ನೂ ಪೂರ್ತಿ ಬಿಡಿಸಬೇಡಿ, ಏನು ತಿಂದಾಗ ಹೆಚ್ಚಾಗುತ್ತದೆ ಎಂದು ಬರೆದಿಡಿ. ಬರೆಯುತ್ತಿದ್ದೇನೆ. ಆದರೆ ಈ 'ಸ್ವಲ್ಪ'ದಲ್ಲಿ ನನಗೆ ನಂಬಿಕೆ ಇಲ್ಲ. ಮಾಡುವುದಿದ್ದರೆ ನೆಟ್ಟಗೆ ಮಾಡಬೇಕು.

ಈ ಡೈರಿ ನನ್ನ ಗಂಡ ಓಂಕಾರ್ ಕೆಲಸ ಮಾಡುವ ಯಾರ್ಡಿಗೆ ಯಾರೋ ಸಪ್ಲೈಯರ್ ಕೊಟ್ಟದ್ದು, ಆರು ತಿಂಗಳಿಂದ ಫ್ರಿಜ್ ಮೇಲೆ ಧೂಳು ತಿನ್ನುತ್ತಿತ್ತು. ಕನ್ನಡದಲ್ಲಿ ಬರೆಯುವುದೇ ಸುಖ. ಈ ಮನೆಯಲ್ಲಿ ಓದುವವರಿಲ್ಲ. ಗಂಡನಿಗೆ ಪುರುಸೊತ್ತಿಲ್ಲ, ಮಗಳಿಗೆ ಅ ಆ ಇ ಈ ದಾಟಿಲ್ಲ.

ಜೂನ್ 20, ಶುಕ್ರವಾರ

ಹೊಸವು: ಐದು! ನಿನ್ನೆ ಇವಳ ಕ್ಲಾಸಿನ, ಕೆಳಗಿನ ಫ್ಲೋರಿನ ಮುಬೀನಳ ಬರ್ತ್‌ಡೇ. ಪ್ರಾರ್ಥನಾ ಕೇಕ್ ತಿಂದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಕಳ್ಳಿ. ತುಟಿಯ ಮೂಲೆಯಲ್ಲಿ ಚಾಕೊಲೇಟ್ ನನಗೆ ಕಾಣುವುದಿಲ್ಲವೇ?

ಜಗಳವಾಯಿತು. "ಯು ಕೌಂಟ್ ಮಿ ಲೈಕ್ ಅಟೆಂಡೆನ್ಸ್" ಎಂದು ಕಿರುಚಿದಳು. ಹದಿನೈದು ವರ್ಷ, ಮೂಗಿನ ಮೇಲೆ ಸಿಟ್ಟು.

ಕೂರಿಸಿಕೊಂಡು ನನ್ನ ಕೆನ್ನೆ ತೋರಿಸಿದೆ. ಈ ಕುಳಿಗಳನ್ನು ಮುಟ್ಟಿಸಿದೆ. ಗದಗಿನಲ್ಲಿ ನನ್ನನ್ನು ನೋಡಲು ಬಂದ ಮೂರು ಕಡೆಯವರು ಬೇಡವೆಂದು ಹೋದರು. ಒಬ್ಬಳು ನನಗೆ ಕೇಳುವಂತೆಯೇ "ಮಾರಿ ಸುಟ್ಟ ರೊಟ್ಟಿ ಆಗೇತಲ್ಲ" ಎಂದಿದ್ದಳು. ಇದನ್ನು ಓಂಕಾರ್ ಅವರಿಗೂ ಹೇಳಿದವಳಲ್ಲ. ಇವಳಿಗೆ ಹೇಳಿದೆ.

ಕೈಯಲ್ಲಿದ್ದ ಬಿಸ್ಕಿಟನ್ನು ಡಬ್ಬಿಗೆ ವಾಪಸ್ ಹಾಕಿದಳು. ಅರ್ಥವಾಯಿತು ಹುಡುಗಿಗೆ. ಹೇಳಿದ್ದು ಒಳ್ಳೆಯದೇ ಆಯಿತು.

ಜುಲೈ 8, ಮಂಗಳವಾರ

ರಜೆ. ಹೊರಗೆ ನಲವತ್ತೇಳು ಡಿಗ್ರಿ. ಟೆನ್ತ್ ಎಂದು ಈ ವರ್ಷ ಊರಿಗೆ ಹೋಗಿಲ್ಲ, ಮೂರು ಜನ ಅಬುಧಾಬಿಯ ಶಾಬಿಯಾದ ಈ ಎರಡು ರೂಮಿನಲ್ಲೇ.

ಹೊಸವು: ಎರಡು. ನಾನು ಬಿಡಿಸಿದ್ದು ಹಾಲು, ಮೊಸರು, ತುಪ್ಪ, ಸಕ್ಕರೆ, ಮಾವು. ಅವಳೇ ಬಿಟ್ಟದ್ದು ಅನ್ನ, ಎಣ್ಣೆ, ಬಾಳೆಹಣ್ಣು, ಈಗ ರೊಟ್ಟಿಯೂ ಒಂದೇ. ನಾನು ಒಂದು ಹೇಳಿದರೆ ಅವಳು ಎರಡು ಮಾಡುತ್ತಾಳೆ. ಯಾರ ಮಗಳು!

ಊಟಕ್ಕೆ ಕೂತಾಗ ಓಂಕಾರ್ ಶುರು ಮಾಡಿದರು. "ಏನಿದು, ಹುಡುಗಿ ಕಡ್ಡಿ ಆಗ್ಯಾಳಲ್ಲ. ಒಂದ್ ಚಮಚಾ ತುಪ್ಪಾ ಹಾಕ."

"ನೀವ್ ಸುಮ್ನಿರ್ರಿ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಉಪವಾಸ ಕೆಡವಂತ ಹೇಳ್ಯಾರೇನ?"

"ಪಪ್ಪಾ, ಐ ಆ್ಯಮ್ ಫುಲ್" ಎಂದು ಅವಳೇ ತಟ್ಟೆ ಎತ್ತಿಕೊಂಡು ಹೋದಳು. ಅಲ್ಲಿಗೆ ಅವರ ಬಾಯಿಗೆ ಬೀಗ.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ನಾನು ಹೇಳಿಯೇ ಇಲ್ಲ, ಬೆಳಿಗ್ಗೆ ತಲೆಸ್ನಾನ ಮಾಡಿ ಬಂದು "ಮಮ್ಮಿ, ಇವತ್ತು ನಂದೂ ಉಪವಾಸ" ಎಂದಳು. ಕಣ್ಣು ತುಂಬಿ ಬಂತು. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಹುಡುಗಿ. ವಿಭೂತಿ ಹಚ್ಚಿ ಪೂಜೆಗೂ ಕೂತಳು.

ಸಾಬುದಾಣಿ ಖಿಚಡಿ ಮಾಡಿದೆ. ಎಣ್ಣೆ ಇದೆ ಎಂದು ಬೇಡವೆಂದಳು. ಎರಡು ಖರ್ಜೂರ, ನೀರು.

ಅತ್ತೆಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನೀಲವ್ವನವರಿಗೆ ಅಬುಧಾಬಿ ಎಂದು ಎಷ್ಟು ಸಲ ಹೇಳಿದರೂ ದುಬೈಯೇ. "ನೋಡ್ ಮಾಧುರಿ, ಇಲ್ಲೆ ನಮ್ಮ ಓಣ್ಯಾಗಿನ ಹುಡುಗ್ಯಾರು ಸೋಮವಾರಾನೂ ಪಿಜ್ಜಾ ತಿಂತಾವ. ನನ್ನ ಮೊಮ್ಮಗಳು ದುಬೈದಾಗಿದ್ದು ಉಪವಾಸ ಹಿಡದಾಳ. ಹೆಂಗ ಬೆಳೆಸೀಯವಾ!" ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ನನಗೆ ಬಂದ ಮೊದಲ ಹೊಗಳಿಕೆ.

ಆಗಸ್ಟ್ 11, ಸೋಮವಾರ

ಒಟ್ಟು ಏಳೇ ಏಳು. ಹೊಸವು: ಇಲ್ಲ. ಮೊದಲ ಸಲ ಇಲ್ಲ ಎಂದು ಬರೆಯುತ್ತಿದ್ದೇನೆ.

ಈಗ ಗುರುವಾರವೂ ಹಿಡಿದಿದ್ದಾಳೆ. ಖರ್ಜೂರವೂ ಬೇಡ, ನೀರು ಮಾತ್ರ. ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನನ್ನ ಮಗಳು ಬಂಗಾರ.

ಜೂನ್ ಫೋಟೋ, ಇವತ್ತಿನ ಫೋಟೋ, ಎರಡನ್ನೂ ಜೋಡಿಸಿ ಕನ್ನಡ ಬಳಗದ ಹೆಂಗಸರ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ನಲವತ್ತು ಹಾರ್ಟ್. ಏನು ಮಾಡಿದಿರಿ ಎಂದು ಎಲ್ಲರೂ ಕೇಳುವವರೇ. ಆಹಾರ ನಿಯಮ, ಶ್ರಾವಣದ ಉಪವಾಸ ಎಂದು ಬರೆದೆ. ಜೆಲ್ ವಿಷಯ ಬರೆಯಲಿಲ್ಲ. ಜೆಲ್ ಯಾರು ಬೇಕಾದರೂ ಹಚ್ಚುತ್ತಾರೆ.

ನಾಳೆ ಡಾಕ್ಟರ್ ಸುಸನ್ ಹತ್ತಿರ ಫಾಲೋ ಅಪ್ ಇತ್ತು. ಕ್ಯಾನ್ಸಲ್ ಮಾಡಿದೆ. ಮುಖವೇ ಸ್ವಚ್ಛವಾದ ಮೇಲೆ ಏನು ತೋರಿಸುವುದು?

ಆಗಸ್ಟ್ 26, ಮಂಗಳವಾರ

ಸ್ಕೂಲ್ ಶುರು. ಯೂನಿಫಾರ್ಮ್ ಸ್ಕರ್ಟ್ ಸೊಂಟದಲ್ಲಿ ನಿಲ್ಲಲಿಲ್ಲ, ಎರಡು ಪಿನ್ ಹಾಕಿ ಕಳಿಸಿದೆ. ಶ್ರಾವಣ ಮುಗಿದರೂ ಸೋಮವಾರ, ಗುರುವಾರ ಬಿಟ್ಟಿಲ್ಲ. ಮನೆಯಲ್ಲೂ ಜಾಕೆಟ್ ಹಾಕಿಕೊಂಡೇ ಇರುತ್ತಾಳೆ. ಕೈ ತಣ್ಣಗೆ. ಎಸಿ ಇಪ್ಪತ್ತಾರಕ್ಕೆ ಇಟ್ಟೆ.

ಬಾತ್‌ರೂಮಿನ ಜಾಲರಿಯಲ್ಲಿ ಕೂದಲು ಮುಷ್ಟಿ ಮುಷ್ಟಿ. ಇಲ್ಲಿಯ ನೀರೇ ಹಾಗೆ, ಸಮುದ್ರದ್ದಲ್ಲವೇ. ಎರಡು ತಿಂಗಳಿಂದ ಹೊರಗೂ ಕೂತಿಲ್ಲ. ಟೆನ್ತ್ ಟೆನ್ಶನ್ ಇರಬೇಕು.

ಮುಖ: ಹೊಸವು ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ. ಸಂಜೆ 4.30

ಮುಬೀನ ಬಂದಿದ್ದಳು. ಪ್ರಾರ್ಥನಾ ಟ್ಯೂಶನ್‌ಗೆ ಹೋಗಿದ್ದಾಳೆ ಎಂದೆ. ಗೊತ್ತು ಎಂದಳು, ಅದಕ್ಕೇ ಬಂದದ್ದಂತೆ. ಭಟ್ಕಳದ ಹುಡುಗಿ, ಬಾಗಿಲಲ್ಲೇ ನಿಂತು ಶಾಲಿನ ಅಂಚು ತಿರುಚುತ್ತಿದ್ದಳು.

"ಆಂಟಿ, ನಾನು ಹೇಳಿದೆ ಅಂತ ಹೇಳ್ಬೇಡಿ. ಅವಳು ದಿನಾ ಟಿಫಿನ್ ನನಗೇ ಕೊಡೂದು. ಬೇಡ ಅಂದ್ರೂ ಕೇಳೂದಿಲ್ಲ. ಮೆಟ್ಟಿಲು ಹತ್ತುವಾಗ ಎರಡೆರಡು ಸಲ ಕೂತ್ಕೊಳ್ತಾಳೆ ಆಂಟಿ. ನನಗೆ ಹೆದರಿಕೆ ಆಗ್ತದೆ."

ಅವಳ ಮುಖ ನೋಡಿದೆ. ಹಣೆ ತುಂಬ ಮೊಡವೆ. ಜೂನ್‌ನಲ್ಲಿ ಇಬ್ಬರದೂ ಒಂದೇ ತರಹ ಇತ್ತು.

"ನಿನ್ನ ಮಾರಿ ಮೊದಲ್ ನೋಡ್ಕೋವಾ. ಆಮ್ಯಾಲೆ ನನ್ನ ಮಗಳ ಚಿಂತಿ ಮಾಡುವಂತಿ."

ಮೆಟ್ಟಿಲು ಇಳಿದು ಹೋದಳು. ಹೊಟ್ಟೆಯುರಿ, ಇನ್ನೇನು. ಆದರೂ ಟಿಫಿನ್ ಡಬ್ಬಿ ಮೂಸಿ ನೋಡಿದೆ. ಖಾಲಿ ಇತ್ತು.

ಸೆಪ್ಟೆಂಬರ್ 22, ಸೋಮವಾರ

ನವರಾತ್ರಿ ಮೊದಲ ದಿನ. ಒಂಬತ್ತೂ ದಿನ ಉಪವಾಸ ಎಂದಳು. ನೀರು, ನಿಂಬೆಹಣ್ಣು, ಅಷ್ಟೇ. ಓಂಕಾರ್ ಸಿಟ್ಟಿನಿಂದ ಚಹಾ ಕುಡಿಯದೆ ಹೋದರು. ದೇವರ ಕಾರ್ಯಕ್ಕೆ ಹೇಗೆ ಬೇಡ ಎನ್ನುವುದು? ಅತ್ತೆಗೆ ಬೇರೆ ಆಗಲೇ ಹೇಳಿಬಿಟ್ಟಿದ್ದಾಳೆ.

ಕುಂಕುಮ ಇಡಲು ಹೋದಾಗ ಅವಳು ಕೈ ಎತ್ತಿದಳು. ಬಳೆ ಮೊಣಕೈ ದಾಟಿ ಮೇಲೆ ಹೋಯಿತು. ಕೆಳಗೆ ಎಳೆದು ಸರಿಮಾಡಿದೆ.

ಮುಖ: ಹೊಸವು ಇಲ್ಲ.

ಸೆಪ್ಟೆಂಬರ್ 27, ಶನಿವಾರ. ಆಸ್ಪತ್ರೆ

ಬರೆಯಲು ಕೈ ಏಳುತ್ತಿಲ್ಲ. ಬರೆಯದೆ ಕೂತರೆ ತಲೆ ಕೆಡುತ್ತದೆ.

ಗುರುವಾರ ಹತ್ತೂವರೆಗೆ ಸ್ಕೂಲಿನಿಂದ ಫೋನ್. ಮೆಟ್ಟಿಲ ಮೇಲೆ ಬಿದ್ದಿದ್ದಾಳೆ. ಮುಬೀನ ಹಿಡಿದುಕೊಂಡಿದ್ದಕ್ಕೆ ತಲೆಗೆ ಪೆಟ್ಟಾಗಿಲ್ಲ. ಇಲ್ಲಿಗೆ ತಂದಾಗ ನಾಡಿ ಮೂವತ್ತೊಂಬತ್ತು. ತೂಕ ಮೂವತ್ತಾರು. ಜೂನ್‌ನಲ್ಲಿ ನಲವತ್ತೆಂಟಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಹೃದಯ ಯಾವಾಗ ಬೇಕಾದರೂ ತಾಳ ತಪ್ಪಬಹುದು, ನಲವತ್ತೆಂಟು ಗಂಟೆ ಏನೂ ಹೇಳಲಾಗದು ಎಂದರು. ಎದೆಗೆ ವೈರ್ ಅಂಟಿಸಿದ್ದಾರೆ. ಪಕ್ಕೆಲುಬು ಒಂದೊಂದೂ ಕಾಣುತ್ತದೆ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರು. ಮುಖ ಬಿಟ್ಟು ನಾನು ಬೇರೇನೂ ನೋಡಿಯೇ ಇಲ್ಲ.

ಡಾಕ್ಟರ್ ಸುಸನ್‌ಗೆ ಫೋನ್ ಮಾಡಿದೆ. ಬಯ್ಯಲಿಲ್ಲ. ಮುಖ ಸರಿಯಾದದ್ದು ಜೆಲ್‌ನಿಂದ, ಅದಕ್ಕೇ ಮೂರು ತಿಂಗಳು ಅಂದಿದ್ದೆ ಎಂದರು. ಅಷ್ಟೇ.

ಇಲ್ಲಿಯ ಡಾಕ್ಟರ್ ಈಜಿಪ್ಟಿನ ಹೆಂಗಸು. ಹುಡುಗಿ ಏನು ತಿನ್ನುತ್ತಿದ್ದಳು, ಯಾವಾಗಿನಿಂದ ನಿಂತಿತು, ಏನಾದರೂ ರೆಕಾರ್ಡ್ ಇದೆಯೇ ಎಂದು ಕೇಳಿದರು. ಬ್ಯಾಗಿನಲ್ಲಿ ಈ ಡೈರಿ ಇತ್ತು. ತೆಗೆದುಕೊಟ್ಟೆ. ಅವರಿಗೆ ಕನ್ನಡ ಎಲ್ಲಿಂದ ಬರಬೇಕು? "ರೀಡ್ ಇಟ್ ಟು ಮಿ, ಪ್ಲೀಸ್" ಎಂದರು.

ಇಂಗ್ಲಿಷಿಗೆ ಮಾಡಿಕೊಂಡು ಓದಿದೆ. ಬೆಡ್ ಪಕ್ಕದಲ್ಲೇ. ಪ್ರಾರ್ಥನಾ ಕಣ್ಣು ಮುಚ್ಚಿ ಮಲಗಿದ್ದಳು. ಓಂಕಾರ್ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದರು. ಒಂದು ರೊಟ್ಟಿ. ಎರಡು ಖರ್ಜೂರ. ನೀರು. ನೀರು. ಡಾಕ್ಟರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ಆಗಸ್ಟ್ ಹನ್ನೊಂದರಲ್ಲಿ ಒಂದು ಸಾಲು ಬಿಟ್ಟು ಮುಂದೆ ಹೋದೆ. ನಾಚಿಕೆಯಾಯಿತು, ಅದಕ್ಕೆ.

"ಮಮ್ಮಿ. ಯು ಸ್ಕಿಪ್ಡ್ ಒನ್."

ಕಣ್ಣು ತೆರೆದಿರಲಿಲ್ಲ.

"ಏನ್ ಬಿಟ್ಟೆ?"

"ಬಂಗಾರ."

ನಾನು ಸ್ನಾನಕ್ಕೆ ಹೋದಾಗ ದಿನಾ ಓದುತ್ತಿದ್ದಳಂತೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು. ಬಳಗದ ಶನಿವಾರದ ಕನ್ನಡ ಕ್ಲಾಸಿಗೆ ಎರಡು ವರ್ಷ ನಾನೇ ಬಿಟ್ಟು ಬಂದವಳು, ಮರೆತೇಬಿಟ್ಟಿದ್ದೆ. "ಆಮ್ಯಾಲೆ ನೀ ಅದನ್ನ ಮತ್ತೆ ಬರೀಲೇ ಇಲ್ಲ. ಐ ಕೆಪ್ಟ್ ಚೆಕಿಂಗ್" ಎಂದಳು.

ಓಂಕಾರ್ ಹೊರಗೆ ಹೋದರು. ಕಾರಿಡಾರಿನಲ್ಲಿ ಅವರು ಅಳುವುದು ಕೇಳಿಸಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದು ಕೇಳಿರಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ. ಮಧ್ಯಾಹ್ನ

ನಾಡಿ ನಲವತ್ತಾರು. ಜೀವಕ್ಕೆ ಅಪಾಯ ಕಡಿಮೆಯಾಗಿದೆ, ತಿನ್ನದಿದ್ದರೆ ನಾಳೆ ಮೂಗಿಗೆ ಟ್ಯೂಬ್ ಎಂದರು.

ಮುಬೀನ ಅವಳಮ್ಮನ ಜೊತೆ ಬಂದಿದ್ದಳು. ಕ್ಷಮಿಸು ಎಂದೆ. "ಇರಲಿ ಆಂಟಿ" ಎಂದಳು. ನನ್ನ ಕಡೆ ನೋಡಲಿಲ್ಲ.

ಊಟ ಬಂತು. ನೀರಾದ ಗಂಜಿ, ಸಣ್ಣ ಕಪ್ ಮೊಸರು. ನಾನೇ ತಿನ್ನಿಸಲು ಕೂತೆ. ಮೊದಲ ಚಮಚ ಬಾಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಳು. ನುಂಗಿದಳು. ಎರಡನೆಯದು. ಮೂರನೆಯದು. ದೇವರೇ ಎಂದುಕೊಂಡೆ. ನಾಲ್ಕನೆಯ ಚಮಚ ಅವಳೇ ಎತ್ತಿದಳು.

ಗದ್ದದ ಎಡಗಡೆ ಒಂದು ಕೆಂಪಗೆ ಎದ್ದಿತ್ತು. ಬೇಕೆಂದು ನೋಡಲಿಲ್ಲ. ಕಣ್ಣು ತಾನೇ ಹೋಯಿತು. ಒಂದು ಕ್ಷಣ, ಅಷ್ಟೇ.

ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಚಮಚ ಕೆಳಗಿಟ್ಟಳು. ಗೋಡೆಯ ಕಡೆ ಹೊರಳಿದಳು. ಎಷ್ಟು ಬೇಡಿಕೊಂಡರೂ ತಿರುಗಲಿಲ್ಲ.

ಸಂಜೆ ಡಯಟಿಷಿಯನ್ ಮೆತ್ತಗೆ ಹೇಳಿದರು. ಊಟದ ಹೊತ್ತಿಗೆ ತಂದೆ ಒಳಗಿರಲಿ. ತಾಯಿ ಸ್ವಲ್ಪ ದಿನ ಹೊರಗೆ.

ನಾನು ಹೆತ್ತವಳು ಎಂದು ಕೂಗಬೇಕೆನಿಸಿತು. ಸರಿ ಎಂದೆ.

ಅಕ್ಟೋಬರ್ 2, ಗುರುವಾರ. ಮಧ್ಯಾಹ್ನ 12.40

ಕಾರಿಡಾರ್. ಟ್ಯೂಬ್ ನಿನ್ನೆ ಹಾಕಿದರು. ಇವತ್ತು ಬಾಯಿಂದ ತಿಂದರೆ ತೆಗೆಯುತ್ತಾರೆ. ಊಟ ಒಳಗೆ ಹೋಗಿ ಹದಿನೈದು ನಿಮಿಷವಾಯಿತು. ಬಾಗಿಲಿಗೆ ಗಾಜಿದೆ. ನೋಡಬಾರದೆಂದು ಕುರ್ಚಿ ತಿರುಗಿಸಿಕೊಂಡು ಕೂತಿದ್ದೇನೆ.

ಓಂಕಾರ್ ಅವರ ದನಿ ಕೇಳುತ್ತಿದೆ. "ಇನ್ನೊಂದ್ ತೊಗೋ ನನ್ನವ್ವ. ಅವಸರಿಲ್ಲ."

ಪ್ರಾರ್ಥನಾ, ಇದನ್ನೂ ನೀನು ಓದುತ್ತೀ. ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಮೂರೂವರೆ ತಿಂಗಳು ಬರೆದಿದ್ದೇನೆ, ನಿನಗೆ ಹಸಿವಾಗಿತ್ತೇ ಎಂದು ಒಂದು ಕಡೆಯೂ ಇಲ್ಲ. ಕೇಳಿಯೇ ಇಲ್ಲ ನಾನು. ಹಸಿವಾಗಿತ್ತಲ್ಲವೇ? ತುಂಬಾ

ಬಾಗಿಲು ತೆಗೆದರು. ನರ್ಸ್ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಟ್ಟಲು ಅರ್ಧ ಖಾಲಿ.