ಸೋದರಮಾವ ನಿಲ್ಲುವ ಜಾಗ

ಭಂಕೂರ, ಸೋಮವಾರ

ಬಸವಲಿಂಗ ಮಾವನವರಿಗೆ ನಿಮ್ಮ ಅಕ್ಕನ ಮಗಳು ದಾನೇಶ್ವರಿಯ ಶರಣು.

ನನ್ನ ಮದುವಿ ಆಯಿತು. ಹಿಂದಿನ ದಿನ ನೀವು ಅವ್ವಗ ವಾಟ್ಸಾಪ್‌ನ್ಯಾಗ ಫೋನ್ ಮಾಡಿ, ಮಸ್ಕತ್ತಿನಿಂದ ಹೈದರಾಬಾದಿಗೆ ಎರಡು ಸಾವಿರದ ಮ್ಯಾಲ ಕಿಲೋಮೀಟರ್, ವಿಮಾನದಾಗ ಮೂರು ತಾಸು, ರಜಾ ಇಲ್ಲ, ಬರಲಿಕ್ಕಾಗಂಗಿಲ್ಲ ಅಂದ್ರಿ. ಅವ್ವ ಪಾಪ, ಬಂದವರಿಗೆಲ್ಲ ಅದನ್ನೇ ಒಪ್ಪಿಸಿದಳು. ಬ್ಯಾರೆ ಜಾತಿಗೆ ಕೊಟ್ಟಾರಂತ ತಮ್ಮ ಬರಲಿಲ್ಲ ಅಂತ ಯಾರೂ ಆಡಿಕೊಳ್ಳಬಾರದಲ್ಲ.

ಅಕ್ಷತಿ ಹೊತ್ತಿಗೆ ಮೈಕಿನ್ಯಾಗ ಮೂರು ಸಲ ಕರದ್ರು, ಹುಡುಗಿ ಸೋದರಮಾವ ಹಿಂದ ಬಂದು ನಿಂದರ್ರಿ ಅಂತ. ಅವ್ವ ತಲಿ ತಗ್ಗಿಸಿದಳು. ಆಗ ನನ್ನ ಗಂಡ ದೇವಾನಂದರ ಕಾಕಾ ಭಗವಂತ ಎದ್ದು ಬಂದು ನನ್ನ ಹಿಂದ ನಿಂತರು. ನಿಮಗಂತ ತಂದಿಟ್ಟ ಪಟಗಾ ಅವರ ತಲಿಗೇ ಸುತ್ತಿದ್ವಿ.

ಅವರನ್ನ ನೀವು ನೋಡೀರಿ. ಬಾಡಿಗಿ ಕಾರು ಹೊಡೀತಾರ. ಅದೇ ಹಿಂದಿನ ದಿನ ಹೈದರಾಬಾದ್ ವಿಮಾನ ನಿಲ್ದಾಣದಿಂದ ನಿಮ್ಮನ್ನ ಚಿತ್ತಾಪುರದ ನಿಮ್ಮ ಮನಿಗೆ ತಂದು ಬಿಟ್ಟವರು ಅವರೇ. ಅವ್ವನ ಜೋಡಿ ಮಸ್ಕತ್ತಿನ ದೂರ ಹೇಳಿದ್ದು ನೀವು ಸೇಡಂ ದಾಟೋ ಮುಂದ, ಅವರ ಹಿಂದಿನ ಸೀಟಿನ್ಯಾಗ ಕುಂತು. ಸುಳ್ಳಿಗೂ ಕಿಲೋಮೀಟರ್ ನೋಡಿ ಹೇಳ್ತೀರಿ, ಶಾಣ್ಯಾರಿದ್ದೀರಿ. ಆದ್ರ ಡ್ರೈವರಗೂ ಕಿವಿ ಇರ್ತಾವ ಅನ್ನೂದು ನಿಮ್ಮಂಥ ದೊಡ್ಡವರಿಗೆ ಹೊಳಿಯಂಗಿಲ್ಲ.

ಅವ್ವಗ ನಾ ಇದನ್ನ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.

ಕಾರಿನ್ಯಾಗ ಬಿಟ್ಟುಹೋದ ನಿಮ್ಮ ಚಷ್ಮಾ ಈ ಪತ್ರದ ಜೋಡಿ ಕಳಸಾಕತ್ತೀನಿ. ಚಿತ್ತಾಪುರದ ವಿಳಾಸಕ್ಕೇ ಹಾಕೀನಿ. ಮಸ್ಕತ್ ಭಾಳ ದೂರ ಆಗ್ತದ.

ದಾನೇಶ್ವರಿ