ಕಂಬದಿಂದ ನಲವತ್ತು ಹೆಜ್ಜೆ

ಭಾವ,

ಎಂಟು ತಿಂಗಳಿಂದ ನಾನು ಫೋನ್ ಮಾಡಿದಾಗಲೆಲ್ಲ ನೀವು ‘ತಡಿ, ನಿಮ್ಮಕ್ಕನಿಗೆ ಕೊಡ್ತೀನಿ’ ಎಂದು ಕೈ ದಾಟಿಸುತ್ತೀರಿ. ಕಾಗದವನ್ನು ಹಾಗೆ ದಾಟಿಸುವುದು ಸ್ವಲ್ಪ ಕಷ್ಟ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಗುರುವಾರ ನಮ್ಮ ಸಾರಿಗೆ ಯೋಜನಾ ಕಚೇರಿಯಲ್ಲಿ ನೀವು ಓಡಿಸುವ ಬಸ್ಸಿನ ಮಾರ್ಗದ ಬಗ್ಗೆ ಸಭೆ ಇದೆ. ಅಲ್ಲಿ ನಾನು ಹೇಳಲಿರುವುದು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳಬಾರದು.

ಊರಿನ ರಸ್ತೆಗಳಲ್ಲಿ ಕಾರು ಕಡಿಮೆಯಾಗಬೇಕಾದರೆ ಬಸ್ಸು ಕಾರಿಗಿಂತ ಬೇಗ ಹೋಗಬೇಕು ಎಂದು ನಾನು ಈಗಲೂ ನಂಬುತ್ತೇನೆ. ಅದಕ್ಕೇ ಬಸ್ಸಿಗೆ ಪ್ರತ್ಯೇಕ ಪಥ ಹಾಕಿಸಿದೆವು, ಅದರ ಪಕ್ಕ ಸೈಕಲ್ಲಿಗೆ ಜಾಗ ಬಿಡಿಸಿದೆವು, ಹದಿನೇಳು ನಿಲ್ದಾಣಗಳನ್ನು ಹನ್ನೆರಡಕ್ಕೆ ಇಳಿಸಿದೆವು. ಒಂದು ಸುತ್ತಿಗೆ ಒಂಬತ್ತು ನಿಮಿಷ ಉಳಿಯಿತು. ‘ಇಪ್ಪತ್ತೆಂಟು ವರ್ಷದಲ್ಲಿ ಈಗ ಟಾಪ್ ಗೇರಿಗೆ ಹೋಗೋಕೆ ಪುರುಸೊತ್ತು ಸಿಕ್ಕಿದೆ’ ಎಂದು ನೀವೇ ಅಕ್ಕನ ಹತ್ತಿರ ಒಪ್ಪಿಕೊಂಡಿರಂತೆ. ತೆಗೆದ ಐದು ನಿಲ್ದಾಣಗಳಲ್ಲಿ ನಾಲ್ಕರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ಐದನೆಯದು ನಿಮ್ಮ ಬೀದಿ ದೊಡ್ಡ ರಸ್ತೆ ಸೇರುವಲ್ಲಿನದು, ಪಂಪ್‌ಹೌಸ್ ನಿಲ್ದಾಣ.

ಅದನ್ನು ತೆಗೆದ ವಾರವೇ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆ.

‘ಯಾವ ಲೆಕ್ಕದಲ್ಲಿ ಕಿತ್ತು ಹಾಕಿದ್ರಿ, ಸಾಹೇಬ್ರೇ?’ ಎಂದಿರಿ.

‘ಸಮೀಕ್ಷೆಯಲ್ಲಿ ಸೊನ್ನೆ ಬಂತು ಭಾವ. ನಿಲ್ದಾಣದ ಕಂಬದ ಹತ್ತಿರ ಯಾರೂ ಹತ್ತಲಿಲ್ಲ.’

ನೀವು ನೀರು ಕುಡಿದು ಲೋಟ ಕೆಳಗಿಟ್ಟಿರಿ. ‘ಬಸ್ ಹತ್ತೋದು ಜನಾನೋ, ಕಂಬಾನೋ?’

ಅಕ್ಕ ನಕ್ಕಳು. ನಾನೂ ನಕ್ಕೆ. ನೀವು ನಗಲಿಲ್ಲ. ಅದೇ ಕೊನೆ, ಆಮೇಲೆ ನನ್ನ ಜೊತೆ ನೀವು ನೆಟ್ಟಗೆ ಮಾತಾಡಿಲ್ಲ.

ಆ ಕಂಬದ ಕತೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನು ಕಾಲೇಜಿಗೆ ಹೋಗುವಾಗ ನಿಮ್ಮ ಬಸ್ಸಿನಲ್ಲೇ, ನಿಮ್ಮ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಕಂಬ ನೆಟ್ಟ ಕಡೆ ಫುಟ್‌ಪಾತ್ ಕುಸಿದು ರಸ್ತೆಯ ಮಟ್ಟಕ್ಕೆ ಬಂದಿದೆ, ಅಲ್ಲಿಂದ ಬಸ್ಸಿನ ಮೆಟ್ಟಿಲು ಮಂಡಿಯೆತ್ತರ. ನಲವತ್ತು ಹೆಜ್ಜೆ ಮುಂದೆ, ಪಂಪ್‌ಹೌಸಿನ ಮೋಟು ಗೋಡೆಯ ಪಕ್ಕ, ಫುಟ್‌ಪಾತ್ ಎತ್ತರವಾಗಿ ಮೆಟ್ಟಿಲಿನ ಸಮಕ್ಕೆ ಬರುತ್ತದೆ. ಮಂಡಿ ನೋವಿನವರು ಕಾಲು ಚಾಚಿದರೆ ಸಾಕು. ನೀವು ಅಲ್ಲೇ ನಿಲ್ಲಿಸುತ್ತಿದ್ದಿರಿ. ಹೊಸ ಚಾಲಕರನ್ನು ಕಲಿಯಲೆಂದು ನಿಮ್ಮ ಬಸ್ಸಿಗೆ ಹಾಕಿದಾಗ ಅವರಿಗೂ ‘ಕಂಬ ನೋಡ್ಬೇಡ, ಕೆಳಗೆ ನಿಂತಿರೋರ ಕಾಲು ನೋಡು’ ಎನ್ನುತ್ತಿದ್ದಿರಿ. ಹಾಗಾಗಿ ಆ ಮಾರ್ಗದಲ್ಲಿ ಎಲ್ಲರೂ ಅಲ್ಲೇ ನಿಲ್ಲಿಸುವವರಾದರು, ಜನರೂ ಅಲ್ಲೇ ಕಾಯುವವರಾದರು. ಕಂಬದ ಕೆಳಗೆ ಯಾರೋ ತಳ್ಳುಗಾಡಿ ನಿಲ್ಲಿಸಿಕೊಂಡ.

ಈಗ ನಿಮಗೆ ಗೊತ್ತಿಲ್ಲದ ಸಂಗತಿ. ಸಮೀಕ್ಷೆಯ ದಿನ ನಿಮಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಅಲ್ಲಿ ಎಣಿಸಬೇಕಾಗಿದ್ದ ಹುಡುಗಿಗೆ ಜ್ವರ ಬಂದಿತ್ತು. ಬದಲಿಗೆ ನಿಂತವನು ನಾನು. ಫಾರಂ ನಾನೇ ತಯಾರಿಸಿದ್ದು. ಹಿಂದಿನ ಸಲ ಎಣಿಸುವವರು ದೂರ ನಿಂತು ಕಾರ್ಖಾನೆಯ ವ್ಯಾನ್ ಹತ್ತುವವರನ್ನೂ ಸೇರಿಸಿ ಅಂಕಿ ಕೆಡಿಸಿದ್ದರು. ಅದಕ್ಕೇ ‘ಕಂಬದಿಂದ ಹತ್ತು ಹೆಜ್ಜೆಯ ಒಳಗೆ ಹತ್ತಿದವರು ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಏಳು ಗಂಟೆಯಿಂದ ಹನ್ನೊಂದರವರೆಗೆ ಒಂಬತ್ತು ಬಸ್ಸು ಬಂದವು. ಒಂಬತ್ತೂ ನನ್ನನ್ನು ದಾಟಿ ಗೋಡೆಯ ಹತ್ತಿರ ನಿಂತವು. ಜನ ಹತ್ತುವುದು ನನಗೆ ಕಾಣುತ್ತಿತ್ತು. ಎರಡನೆಯ ಬಸ್ಸಿಗೆ ಅಕ್ಕನೂ ಹತ್ತಿದಳು. ಹೊಲಿಗೆ ಘಟಕಕ್ಕೆ ಹೊರಟಿದ್ದವಳು ನನ್ನನ್ನು ಕಂಡು ಕೈ ಬೀಸಿದಳು. ನಾನೂ ಕೈ ಬೀಸಿದೆ. ಆಮೇಲೆ ಫಾರಂ ನೋಡಿಕೊಂಡು ಸೊನ್ನೆ ಬರೆದೆ.

ಷರಾ ಕಾಲಂನಲ್ಲಿ ಒಂದು ಸಾಲು ಬರೆದರಾಯಿತು ಎಂದುಕೊಂಡಿದ್ದೆ. ಬರೆಯಲಿಲ್ಲ. ಅಂಕಿಗಳು ಕಂಪ್ಯೂಟರಿಗೆ ಹೋದವು. ನಿಲ್ದಾಣ ಹೋಯಿತು. ನಿಮ್ಮ ಬೀದಿಯವರು ಮೂರು ಸಲ ಅರ್ಜಿ ಕೊಟ್ಟರು. ಮೂರಕ್ಕೂ ‘ಬಳಕೆ ಇಲ್ಲ’ ಎಂದು ಉತ್ತರ ಬರೆದವನು ನಾನೇ. ಮೊದಲನೆಯದನ್ನು ಬರೆಯುವಾಗಲೇ ಕೈ ತಡೆದಿತ್ತು. ಆದರೆ ಅಷ್ಟು ಹೊತ್ತಿಗೆ ನಮ್ಮ ಯೋಜನೆಯನ್ನು ಎಲ್ಲರೂ ಹೊಗಳುತ್ತಿದ್ದರು.

ಹೋದ ತಿಂಗಳು ಕೆಲಸ ಬಿಡುತ್ತೇನೆಂದು ಅಕ್ಕ ಹೇಳಿದಳು. ಮುಂದಿನ ನಿಲ್ದಾಣ ಆರುನೂರ ಐವತ್ತು ಮೀಟರ್ ದೂರ, ಆ ಮಂಡಿಯಲ್ಲಿ ದಿನಾ ಎರಡು ಸಲ ನಡೆಯಲಾಗದು. ‘ಸಾಕಾಯ್ತು ಬಿಡೋ, ಹತ್ತೊಂಬತ್ತು ವರ್ಷ ಹೊಲಿದಿದ್ದೀನಿ’ ಎಂದಳೇ ಹೊರತು ನನ್ನ ಮೇಲೆ ಒಂದು ಮಾತೂ ಹಾಕಲಿಲ್ಲ. ಈ ತಿಂಗಳ ಕೊನೆಗೆ ಬಿಡುತ್ತಾಳಂತೆ. ನಿಲ್ದಾಣ ವಾಪಸಾಗುವುದಾದರೆ ಅಷ್ಟರೊಳಗೆ ಆಗಬೇಕು.

ನಮ್ಮ ಇಂಜಿನಿಯರ್ ಮೇಡಂ ಹತ್ತಿರ ಎಲ್ಲ ಹೇಳಿದೆ. ‘ಮರು ಎಣಿಕೆ ಮಾಡಿಸಪ್ಪ. ಯಾರ ತಲೆ ಮೇಲೂ ಬರಲ್ಲ’ ಎಂದರು.

‘ನಿಲ್ಲದೇ ಇರೋ ಬಸ್ಸಿಗೆ ಯಾರು ಬಂದು ಕಾಯ್ತಾರೆ ಮೇಡಂ? ಮತ್ತೆ ಸೊನ್ನೇನೇ ಬರುತ್ತೆ.’

ಅವರು ಮುಚ್ಚಳ ತೆಗೆದು ಪೆನ್ನನ್ನು ನನ್ನತ್ತ ಚಾಚಿದರು. ‘ಹಾಗಾದ್ರೆ ನೀನು ಕಣ್ಣಾರೆ ನೋಡಿದ್ದನ್ನ ಬರೆದು ಸಹಿ ಹಾಕು. ಕಂಬ ಬಿಟ್ಟು ಬಸ್ ನಿಲ್ಲಿಸೋದು ಕಲಿಸಿದ್ಯಾರು ಅಂತ ಡಿಪೋದಲ್ಲಿ ಕೇಳ್ತಾರೆ. ಆಗ ನಿಮ್ಮ ಭಾವನ್ನ ನಾನು ಉಳಿಸೋಕಾಗಲ್ಲ.’

ನಿಮ್ಮ ನಿವೃತ್ತಿಗೆ ಐದು ತಿಂಗಳಿದೆ. ಇಪ್ಪತ್ತೆಂಟು ವರ್ಷ ಒಂದೂ ಮೆಮೊ ಇಲ್ಲದ ಸೇವಾ ಪುಸ್ತಕ ಎಂದು ನೀವು ಹೇಳಿಕೊಳ್ಳುವುದು ನನಗೆ ಗೊತ್ತು. ಇದೇ ಕಾರಣ ಹಿಡಿದುಕೊಂಡು ಎರಡು ವಾರ ಕಳೆದೆ. ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಈವತ್ತು ಬೆಳಿಗ್ಗೆ ಅಳತೆ ಟೇಪು ಹಿಡಿದು ಅಲ್ಲಿಗೆ ಹೋಗಿದ್ದೆ. ತಳ್ಳುಗಾಡಿಯ ಮರೆಯಲ್ಲಿ ನಿಂತಿದ್ದರಿಂದ ನಿಮಗೆ ಕಂಡಿರಲಾರೆ. ಅಕ್ಕ ಮುಂದಿನ ನಿಲ್ದಾಣಕ್ಕೆ ನಡೆಯುತ್ತಾ ದಾರಿಯ ಶುರುವಿನಲ್ಲೇ ಸುಸ್ತಾಗಿ ಪಂಪ್‌ಹೌಸಿನ ಗೋಡೆಯ ಮೇಲೆ ಕುಳಿತಿದ್ದಳು. ನಿಮ್ಮ ಬಸ್ಸು ಬಂತು. ಅವಳ ಹತ್ತಿರ ಬಂದಾಗ ನಡಿಗೆಯಷ್ಟು ನಿಧಾನವಾಯಿತು. ನೀವು ಅವಳನ್ನು ನೋಡಿದಿರಿ. ಅವಳು ಹೋಗಿ ಎಂಬಂತೆ ಕೈ ಆಡಿಸಿದಳು. ಬಸ್ಸು ಮುಂದೆ ಹೋಯಿತು.

ಕಂಬ ಇದ್ದಾಗ ಕಂಬದ ಮಾತು ಕೇಳದ ನೀವು, ಕಂಬ ಹೋದ ಮೇಲೆ ಸ್ವಂತ ಹೆಂಡತಿಗೂ ಬಸ್ಸು ನಿಲ್ಲಿಸಲಿಲ್ಲ. ತೆಗೆದ ನಿಲ್ದಾಣದಲ್ಲಿ ಯಾರೇ ನಿಲ್ಲಿಸಿದರೂ ಅಮಾನತು ಎಂಬ ಸುತ್ತೋಲೆಯ ಕರಡು ಕೂಡ ನನ್ನದೇ.

ಕಚೇರಿಗೆ ಹೋದವನೇ ವರದಿ ಬರೆದು ಸಹಿ ಹಾಕಿದೆ. ಒಂಬತ್ತು ಬಸ್ಸುಗಳೂ ನಲವತ್ತು ಹೆಜ್ಜೆ ಮುಂದೆ ನಿಂತವು, ಜನ ಹತ್ತಿದ್ದನ್ನು ನಾನು ನೋಡಿದೆ, ನೋಡಿಯೂ ಸೊನ್ನೆ ಬರೆದೆ, ಇಷ್ಟು ಇದೆ. ನಿಮ್ಮ ಹೆಸರಿಲ್ಲ. ಯಾರು ಕಲಿಸಿದರು ಎಂದು ಸಭೆಯಲ್ಲಿ ಕೇಳಿದರೆ ಸುಳ್ಳು ಹೇಳುವುದಿಲ್ಲ, ಆದರೆ ಏಕೆ ಕಲಿಸಿದರು ಎಂಬುದನ್ನೂ ಎರಡು ಕಡೆಯ ಫುಟ್‌ಪಾತಿನ ಅಳತೆ ಇಟ್ಟುಕೊಂಡು ಹೇಳುತ್ತೇನೆ. ನಿಮಗೆ ಮೆಮೊ ಬಂದರೆ ನನಗೂ ಬರುತ್ತದೆ. ನನ್ನದು ದೊಡ್ಡದಿರುತ್ತದೆ.

ಹಳೆಯ ಕಂಬವನ್ನು ಹಳೆಯ ಜಾಗದಲ್ಲೇ ನೆಡಿ ಎಂದು ಕೇಳುತ್ತಿಲ್ಲ. ನಕ್ಷೆಯಲ್ಲಿ ಅಕ್ಕ ಕುಳಿತಿದ್ದ ಜಾಗಕ್ಕೆ ಗುರುತು ಹಾಕಿದ್ದೇನೆ. ಸಭೆ ಒಪ್ಪಿದರೆ ಅಲ್ಲಿ ಕಂಬದ ಜೊತೆ ಒಂದು ಬೆಂಚೂ ಬರುತ್ತದೆ. ಒಪ್ಪದಿದ್ದರೆ ಮುಂದಿನ ಅರ್ಜಿಗೆ ಉತ್ತರ ಬರೆಯುವವನು ನಾನಾಗಿರುವುದಿಲ್ಲ, ಅರ್ಜಿಗೆ ಸಹಿ ಹಾಕುವವರಲ್ಲಿ ಇರುತ್ತೇನೆ.

ಕೆಲಸ ಬಿಡುವ ಕಾಗದವನ್ನು ಗುರುವಾರದವರೆಗೆ ಕೊಡಬೇಡ ಎಂದು ಅಕ್ಕನಿಗೆ ಹೇಳಿ. ನನ್ನ ಮಾತನ್ನು ಅವಳು ನಗೆಯಾಡಿ ಬಿಡುತ್ತಾಳೆ. ನೀವು ಹೇಳಿದರೆ ಕೇಳುತ್ತಾಳೆ.

ಉಳಿದ ಐದು ತಿಂಗಳಲ್ಲಿ ಒಂದು ದಿನವಾದರೂ ಅವಳು ಆ ಗೋಡೆಯ ಪಕ್ಕದಿಂದ ಕಾಲು ಚಾಚಿ ನಿಮ್ಮ ಬಸ್ಸು ಹತ್ತುವಂತಾಗಲಿ.

ನಿಮ್ಮ ಭಾವಮೈದ
(ಅವತ್ತು ಕಂಬದ ಕೆಳಗೆ ನಿಂತಿದ್ದವನು)