ಇಲಿ ಕಡಿದ ಪಂಚಾಂಗ

ಎರಡನೆಯ ತಿಂಗಳು, ಇಪ್ಪತ್ತನಾಲ್ಕು. ರಾತ್ರಿ.

ಬಡಗಣ ಗಾಳಿ ನಿಂತಿಲ್ಲ. ಚಳಿ ಏರುತ್ತಲೇ ಇದೆ.

ನಾಡಿದ್ದು ಛಿಂಗ್‌ಮಿಂಗ್ ಎಂದುಕೊಂಡು, ಹಿರಿಯರ ಸಮಾಧಿ ಗುಡಿಸಲು ಒಳ್ಳೆಯ ಹೊತ್ತು ನೋಡೋಣವೆಂದು ಸಂಜೆ ಪಂಚಾಂಗ ತೆಗೆದೆ. ಒಂದೇ ಮೊಳೆಗೆ ಎರಡು ನೇತುಹಾಕಿರುತ್ತೇವೆ, ಹೊಸದರ ಹಿಂದೆ ಹಳೆಯದು. ಮೇಲಿದ್ದದ್ದರ ಮೂಲೆಯನ್ನು ಇಲಿ ಕಡಿದಿತ್ತು. ಅದು ಹೋದ ವರ್ಷದ್ದು; ಇಲಿ ಕಡಿದಾಗ ಮಾವನೂ ಮೂಲೆ ಸವರಿ ನೋಡಿದ್ದರು. ಹೊಸ ವರ್ಷದ ಹಬ್ಬಕ್ಕೆ ಗೋಡೆ ಒರೆಸಿದಾಗ ನಾನೇ ಹಿಂದುಮುಂದು ಮಾಡಿದ್ದೇನೆ. ಸೂರ್ಯನ ಲೆಕ್ಕದ ಛಿಂಗ್‌ಮಿಂಗ್ ನಮ್ಮ ಚಂದ್ರನ ತಿಂಗಳಲ್ಲಿ ವರ್ಷವರ್ಷ ಜರುಗುತ್ತದೆ; ಈ ವರ್ಷದ್ದಕ್ಕೆ ಇನ್ನೂ ಹದಿಮೂರು ದಿನವಿದೆ. ಹೆದರಿ, ಇದ್ದ ಹಾಗೆಯೇ ತೂಗುಹಾಕಿದೆ.

ಮಾವನಿಗೆ ಕಣ್ಣು ಹೋದಮೇಲೆ ಓದುವವಳು ನಾನು, ಊರಿಗೆ ದಿನ ಹೇಳುವವರು ಅವರು. ಛಿಂಗ್‌ಮಿಂಗ್‌ನ ಹಿಂದಿನ ವಾರ ಬತ್ತ ಚೆಲ್ಲುವುದು ಇಲ್ಲಿಯ ಪದ್ಧತಿ. ನಾನು ಹಳೆಯದನ್ನೇ ಓದಿ ಹೇಳಿ, ಊರೆಲ್ಲ ಚೆಲ್ಲಿ ಆರು ದಿನವಾಯಿತು. ಪಂಚಾಂಗ ತೂಗುಹಾಕಿ ಹೊರಬಂದಾಗ ಪಕ್ಕದ ಮನೆಯ ಶಿಯಾಂಗ್ ಅಜ್ಜಿ ಬೇಲಿಯಾಚೆ ನಿಂತು ಕೇಳಿದಳು:

“ಏನೇ ಸುಯೂನ್, ಛಿಂಗ್‌ಮಿಂಗ್ ಬಂದ್ರೂ ಈ ಪಾಟಿ ಚಳಿ? ನಿಮ್ಮಾವನ ಮಾತು ಕೇಳ್ಕೊಂಡು ಚೆಲ್ಲಿದ್ದಪ್ಪ ನಾವು. ಬೀಜದ ಬತ್ತ ಅಷ್ಟೂ ಮಡೀಲೇ ಐತೆ.”

“ನಾಳೆ ಬಿಸ್ಲು ಬರುತ್ತೆ ಬಿಡಜ್ಜಿ” ಅಂದೆ. ಯಾಕೆ ಹಾಗಂದೆನೋ.

ಈಗಲೇ ಹೇಳಿದರೆ ಎಲ್ಲರೂ ಎದ್ದು ಸಸಿಮಡಿಗೆ ಹುಲ್ಲು ಹೊದಿಸಿಯಾರು. ಹೇಳದಿದ್ದರೆ ಬೆಳಗಿನ ಹೊತ್ತಿಗೆ ಮೊಳಕೆ ಚಳಿಗೆ ಸುಟ್ಟುಹೋಗಿರುತ್ತದೆ. ಆದರೂ ಬರೆಯುತ್ತ ಕೂತಿದ್ದೇನೆ, ಏಳಲಾಗುತ್ತಿಲ್ಲ.

ಮಾವ ಎದ್ದರು. ಗೋಡೆ ಸವರಿಕೊಂಡು ಬರುವ ಸದ್ದು ಮೊಳೆಯ ಹತ್ತಿರ ನಿಂತಿತು.

“ಸುಯೂನ್, ಎದ್ದಿದ್ಯೇನವ್ವಾ? ಆವತ್ತು ನಂಗೆ ಓದಿ ಹೇಳಿದ್ಯಲ್ಲ, ಈ ಮೂಲೆ ಇಲ್ದೇ ಇರೋದನ್ನೇನು?”